ರೈಲಿನ ಕಡೆಗೆ ಮುಖ ಮಾಡಿದ ಮನೆ

ಕಬ್ಬಿಣದ ಸರಪಳಿಯೊಂದು ಒಣನೆಲದ ಮೇಲೆ ಹರಿದುಹೋಗುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಕೊಯ್ಲು ಮುಗಿದ ರಾಗಿ ಹೊಲದ ಕೂಳೆಗಳ ನಡುವೆ ಝಣಝಣ ಎಂದು ಸರಿದು, ಅರೆಕ್ಷಣ ತಡೆದು, ಕಲ್ಲಿನ ನೆತ್ತಿಗೆ ಸುತ್ತಿಗೆ ಬಿದ್ದ 'ಠಣ್' ಎಂಬ ನಾದದೊಂದಿಗೆ ಮುಗಿಯುತ್ತಿದ್ದ ಆ ಸದ್ದನ್ನು ನಾನು ಬದುವಿನ ಮೇಲೆ ಲಂಗ ಎತ್ತಿ ಹಿಡಿದು ನಿಂತು ಕೇಳಿದ್ದೆ. ರೈಲು ದಾರಿಯ ಸರ್ವೆಯವರು ನಮ್ಮ ಹೊಲವನ್ನು ಅಳೆಯುತ್ತಿದ್ದರು. ಭವಿಷ್ಯತ್ಕಾಲ ಹೇಗೆ ಸದ್ದು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ, ಓದುಗರೇ, ನಾನು ಹಿಂದುಮುಂದು ನೋಡದೆ ಈ ಸದ್ದನ್ನೇ ಹೆಸರಿಸುತ್ತೇನೆ. ಕಲ್ಲುಗಳು ಇಂದಿಗೂ ಹೊಲದಲ್ಲಿವೆ. ನಮ್ಮ ಮನೆಯ ಹಸುಗಳಿಗೆ ಕುತ್ತಿಗೆ ಉಜ್ಜಿಕೊಳ್ಳಲು ಅವುಗಳಷ್ಟು ಅನುಕೂಲವಾದದ್ದು ಈ ತಾಳವಾಡಿ ಸೀಮೆಯಲ್ಲೇ ಇನ್ನೊಂದಿಲ್ಲ.

ಸರ್ವೆಯವರು ಹೋದ ಮರುವರ್ಷವೇ ನಮ್ಮಪ್ಪ ಹೊಸಮನೆಗೆ ಪಾಯ ತೆಗೆಸಿದರು. ಊರ ರಸ್ತೆ ಇದ್ದದ್ದು ಬಡಗಲಿಗೆ, ಕಲ್ಲು ನೆಟ್ಟದ್ದು ತೆಂಕಲಿಗೆ. ಬಾಗಿಲು ಯಾವ ಕಡೆ ಇಡಬೇಕೆಂದು ಗಾರೆಯವನು ಕೇಳಿದ್ದೇ ತಡ, ಅಪ್ಪ ಹೊಲದ ಕಡೆ ಕೈ ಚಾಚಿದರು.

"ರಸ್ತ ಇತ್ಲಾಗದಲ್ಲಾ ಸ್ವಾಮಿ, ಬಾಕ್ಲು ಅತ್ಲಾಗಾ?" ಎಂದ ಅವನು.

"ರಸ್ತ ಎತ್ತಿನ್ ಗಾಡಿಗ ಕಣ್ಲಾ. ನಾಳ ರೈಲಲ್ಲಿ ಬಂದೋರು ನಮ್ ಇತ್ತಲು ನೋಡ್ಕಂಡು ಓಗ್ಬೇಕಾ?"

ಹೀಗಾಗಿ ನಮ್ಮ ಮನೆಗೆ ರೈಲಿನ ಕಡೆ ಮುಖ, ರಸ್ತೆಯ ಕಡೆ ಬೆನ್ನು. ತೆಂಕಣ ದಿಕ್ಕಿಗೆ ತೇಗದ ಎರಡು ರೆಕ್ಕೆಯ ಬಾಗಿಲು, ಅದರ ಮುಂದೆ ಮನೆಯಷ್ಟೇ ಉದ್ದದ ಜಗಲಿ, ಜಗಲಿಯ ತುಂಬ ಕಲ್ಲಿನ ಆಸನಗಳು. "ಕಾಯೋರ್ಗ ಒಟ್ಟ ಅಸಿತದ ಕಣಮ್ಮಿ. ನೀ ಇಡ್ಲಿ ಬೇಯ್ಸು, ನಾ ಇಲ್ಲಿ ಕೂತ್ಕಂಡು ಯಾರ್ಯಾರು ಬಂದ್ರು ಅಂತ ನೋಡ್ತೀನಿ" ಎಂದು ಅಪ್ಪ ಅವ್ವನಿಗೆ ಆ ಜಗಲಿಯ ಉದ್ದೇಶವನ್ನು ವಿವರಿಸುತ್ತಿದ್ದರು. ಬಡಗಣ ದಿಕ್ಕಿಗೆ ಬರಿಗೋಡೆ. ಹೊಗೆ ಹೋಗಲು ಎತ್ತರದಲ್ಲೊಂದು ಗವಾಕ್ಷಿ, ಅಷ್ಟೆ. ರಸ್ತೆಯಿಂದ ಬಂದವರು ತಿಪ್ಪೆ ದಾಟಿ, ಬಟ್ಟೆ ಒಗೆಯುವ ಕಲ್ಲು ದಾಟಿ, ಕೋಳಿಗೂಡಿಗೆ ಪ್ರದಕ್ಷಿಣೆ ಹಾಕಿ ಮುಂಬಾಗಿಲನ್ನು ಶೋಧಿಸಬೇಕಿತ್ತು. ಊರಿನವರು ನಮ್ಮ ಮನೆಗೆ 'ಟೇಸನ್ ಮನ' ಎಂದೂ ಅಪ್ಪನಿಗೆ 'ಟೇಸನ್ ಮಾದಪ್ಪ' ಎಂದೂ ನಾಮಕರಣ ಮಾಡಿದರು. ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಮುಂದೆ ಬಸ್ಸು ಬಂದಾಗ ನಮ್ಮ ಗೋಡೆಯ ಎದುರಿನ ನಿಲ್ದಾಣಕ್ಕೂ ಅದೇ ಆಯಿತು. ಇವತ್ತಿಗೂ ಕಂಡಕ್ಟರು ತನ್ನ ಕನ್ನಡವನ್ನೂ ತಮಿಳನ್ನೂ ಒಟ್ಟಿಗೇ ಕಲಸಿ "ಟೇಸನ್ ಎರಂಗು, ಟೇಸನ್ ಇಳೀರಿ!" ಎಂದು ಕೂಗುತ್ತಾನೆ. ಹಳಿಯೇ ಇಲ್ಲದ ಸ್ಟೇಷನ್ನು ಇಡೀ ದೇಶದಲ್ಲಿ ನಮ್ಮದೊಂದೇ ಇರಬೇಕೆಂದು ನನ್ನ ಹೆಮ್ಮೆ.

ಅಪ್ಪನಿಗೆ ಭವಿಷ್ಯವೆಂದರೆ ಬಹಳ ಭರವಸೆ. ತಮಿಳರ ಪಾಲಿಗೆ ಬಿದ್ದಿದ್ದ ಈ ಗಡಿಸೀಮೆ ಇಂದೋ ನಾಳೆಯೋ ಮೈಸೂರು ಕಡೆಗೆ ಸೇರುತ್ತದೆ ಎಂದು ಊರಿನ ಅರ್ಧ ಜನ ಹೇಳುತ್ತಿದ್ದರು, ಎಂದಿಗೂ ಸೇರುವುದಿಲ್ಲ ಎಂದು ಇನ್ನರ್ಧ. ಮಕ್ಕಳನ್ನು ಕನ್ನಡ ಶಾಲೆಗೆ ಹಾಕಬೇಕೇ ತಮಿಳು ಶಾಲೆಗೇ ಎಂಬ ಗಂಭೀರ ಚರ್ಚೆ ಪ್ರತಿ ಜಗಲಿಯಲ್ಲೂ ನಡೆಯುತ್ತಿದ್ದ ಆ ಕಾಲದಲ್ಲಿ ಅಪ್ಪ ತಮ್ಮದೇ ಒಂದು ಸಿದ್ಧಾಂತ ಕಂಡುಹಿಡಿದರು: ಯಾವ ಕಡೆ ಗೆದ್ದರೂ ಇಂಗ್ಲಿಷ್ ಸೋಲುವುದಿಲ್ಲ. ನನ್ನನ್ನು ಟ್ರಂಕಿನ ಸಮೇತ ಮೈಸೂರಿನ ಒಂದು ಕಾನ್ವೆಂಟಿಗೆ ಸಾಗಿಸಿದ್ದು ಆ ಸಿದ್ಧಾಂತದ ಫಲ. ನನ್ನ ಗದ್ಯದಲ್ಲಿ ಅಲ್ಲಲ್ಲಿ ಇಂಗ್ಲಿಷ್ ಸಾಸಿವೆಯಂತೆ ಸಿಡಿಯುವುದನ್ನು ಓದುಗರು ಗಮನಿಸಿ ಹುಬ್ಬೇರಿಸಿದರೆ, ದಯವಿಟ್ಟು ಅಪ್ಪನನ್ನು ವಿಚಾರಿಸಿಕೊಳ್ಳಿ.

ಆ ಕಾನ್ವೆಂಟಿನಲ್ಲಿ ಭವಿಷ್ಯವಾಣಿಯ ಇನ್ನೊಂದು ಶಾಖೆ ಇತ್ತು. ನಮ್ಮ ಸಿಸ್ಟರ್ ಬರ್ನಡೆಟ್ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ವಿದೇಶಿ ಸಚಿತ್ರ ಪತ್ರಿಕೆಯೊಂದನ್ನು ಎತ್ತಿ ಹಿಡಿದು, "ಗರ್ಲ್ಸ್, ನೀವು ಅಜ್ಜಿಯರಾಗುವ ಹೊತ್ತಿಗೆ..." ಎಂದು ಆರಂಭಿಸುತ್ತಿದ್ದರು. ಅಡುಗೆಮನೆಗಳು ಅಳಿಯುತ್ತವೆ, ಊಟ ಒಂದು ಟ್ಯಾಬ್ಲೆಟ್ಟಿನಲ್ಲಿ ಮುಗಿಯುತ್ತದೆ. ಲೆಕ್ಕವನ್ನು ಯಂತ್ರ ಮಾಡುತ್ತದೆ. ಟೆಲಿಫೋನಿನಲ್ಲಿ ಮುಖ ಕಾಣುತ್ತದೆ. ಮನುಷ್ಯರು ಬೆಳಗಿನ ಹೊತ್ತು ಮಾತ್ರ ದುಡಿದು ಮಧ್ಯಾಹ್ನವೆಲ್ಲ ಸಂಗೀತ ಕೇಳುತ್ತಾರೆ. ಕಾಡುಪ್ರಾಣಿಗಳು ಮ್ಯೂಸಿಯಮ್ಮಿನಲ್ಲಿ ಮಾತ್ರ ಉಳಿಯುತ್ತವೆ. ನಾವು ಬಾಯಿ ತೆರೆದು ಕೇಳುತ್ತಿದ್ದೆವು. ಹಾಸ್ಟೆಲಿನ ಗಂಜಿಯ ರುಚಿ ಬಲ್ಲ ನಮಗೆ ಟ್ಯಾಬ್ಲೆಟ್ ಊಟದ ಬಗ್ಗೆ ವಿಶೇಷ ಆಸೆಯೂ ಇತ್ತು.

ಈಗ ನಾನು ಅಜ್ಜಿಯ ವಯಸ್ಸಿನವಳು. ಮಾರ್ಕ್ಸ್ ಕೊಡುವ ಅಧಿಕಾರ ನನಗಿದೆ. ಲೆಕ್ಕದ ಯಂತ್ರಕ್ಕೆ ಪೂರ್ತಿ ಅಂಕ. ಟ್ಯಾಬ್ಲೆಟ್ಟು ಬಂದದ್ದು ನಿಜ, ಆದರೆ ಊಟದ ಬದಲಿಗಲ್ಲ, ಊಟಕ್ಕೆ ಮೊದಲು ಮತ್ತು ಊಟದ ನಂತರ. ನನ್ನ ಮಾತ್ರೆಯ ಡಬ್ಬಿ ನನ್ನ ತಟ್ಟೆಗಿಂತ ಶ್ರೀಮಂತವಾಗಿದೆ. ಟೆಲಿಫೋನಿನಲ್ಲಿ ಮುಖ ಕಾಣುವುದೂ ದಿಟ. ಅಷ್ಟು ದೊಡ್ಡ ಸಾಧನವನ್ನು ನಾವು ಮಹತ್ತರ ವಿಚಾರಗಳಿಗೆ ಬಳಸುತ್ತೇವೆಂದು ಸಿಸ್ಟರ್ ಭಾವಿಸಿದ್ದರು. ನಮ್ಮ ಮನೆಯಲ್ಲಿ ಅದರ ಮುಖ್ಯ ಉಪಯೋಗ, ಗೆಟ್ಟವಾಡಿಯ ನೆಂಟರಿಗೆ ಬದನೆಕಾಯಿಯ ಹುಳು ತೋರಿಸುವುದು. ಮನುಷ್ಯರ ಮಧ್ಯಾಹ್ನಗಳ ವಿಷಯದಲ್ಲಿ ಅವರು ಫೇಲು. ಇನ್ನು ಕಾಡುಪ್ರಾಣಿಗಳು: ಹಾಸನೂರಿನಿಂದ ಕೆಳಗಿಳಿಯುವ ಹೆದ್ದಾರಿಯಲ್ಲಿ ಲಾರಿಯವರು ಇಂದಿಗೂ ಆನೆಯ ಅಪ್ಪಣೆಗೆ ಕಾಯುತ್ತಾರೆ, ನಮ್ಮ ಜೋಳದ ಹೊಲಕ್ಕೆ ಅವು ಬಂದುಹೋಗುವ ಧಾಟಿ ನೋಡಿದರೆ ಮ್ಯೂಸಿಯಂ ಸೇರಬೇಕಾದವರು ನಾವೇ ಇರಬೇಕು. ಮತ್ತು ರಾಗಿ! ಮುದ್ದೆ ಉಣ್ಣುವವಳೆಂದು ನನ್ನನ್ನು ಕಾನ್ವೆಂಟಿನ ಡಾರ್ಮಿಟರಿಯಲ್ಲಿ ಹಾಸ್ಯ ಮಾಡಿದ ಹುಡುಗಿಯರೆಲ್ಲ ಇಂದು, ಡಾಕ್ಟರು ಬರೆದುಕೊಟ್ಟರೆಂದು, ಅದೇ ರಾಗಿಯನ್ನು ಬಣ್ಣದ ಪೊಟ್ಟಣದಲ್ಲಿ ಕೊಂಡು ತಿನ್ನುತ್ತಿದ್ದಾರೆ. ಆ ಪತ್ರಿಕೆಯಲ್ಲಿ ಅದರ ಸುಳಿವು ಎಲ್ಲಿತ್ತು?

ಯಂತ್ರಗಳನ್ನು ಊಹಿಸುವುದು ಸುಲಭ, ಅವುಗಳ ಮುಂದೆ ಕೂರುವ ನಮ್ಮನ್ನು ಊಹಿಸುವುದು ಕಷ್ಟ. ಇದಕ್ಕೆ ನನ್ನ ಬಳಿ ಸ್ವಂತ ಜೀವನದ ಪುರಾವೆಯೇ ಇದೆ. ನಾನು ಬಿ.ಎ. ಓದುತ್ತಿದ್ದಾಗ ಕೊಳ್ಳೇಗಾಲದ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಬಸ್ಸಿಳಿದರು, ಎದುರಿಗೆ ಬರಿಗೋಡೆ, ಗವಾಕ್ಷಿಯಲ್ಲಿ ಹೊಗೆ. ಸಭ್ಯಸ್ಥರು, ಹೆಣ್ಣಿನ ಮನೆಯ ಹಿತ್ತಲಿಗೆ ನುಗ್ಗಬಾರದೆಂದು ಹುಣಸೆಮರದ ಕೆಳಗೆ ಕುಳಿತು, ಯಾರಾದರೂ ಬಂದು ಕರೆಯಲೆಂದು ಕಾದರು. ಈ ಕಡೆ ನಾವು ಮುಂಬಾಗಿಲಿಗೆ ತೋರಣ ಕಟ್ಟಿ, ಉಪ್ಪಿಟ್ಟು ಮುಚ್ಚಿಟ್ಟು, ಹೊಲದ ಕಡೆ ಕಣ್ಣು ನೆಟ್ಟು ಕಾದೆವು. ಒಂದೇ ಮನೆಯ ಎರಡು ಬದಿಯಲ್ಲಿ ಎರಡು ಕುಟುಂಬಗಳು ಇಡೀ ಮಧ್ಯಾಹ್ನ ಪರಸ್ಪರ ಕಾದು, ಎರಡೂ ಅವಮಾನಗೊಂಡವು. ಅವರು ಸಂಜೆ ಬಸ್ಸು ಹತ್ತಿದರು. ನಾನು ಆ ಉಪ್ಪಿಟ್ಟು ತಿಂದು, ಮುಂದೆ ಎಂ.ಎ. ಮಾಡಿ, ಚಾಮರಾಜನಗರದಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಟೆನ್ಸಸ್ ಕಲಿಸಿದೆ. ಒಂದು ಬಾಗಿಲು ಬೇರೆ ದಿಕ್ಕಿಗಿದ್ದಿದ್ದರೆ ಈ ಪ್ರಬಂಧವನ್ನು ಓದುವ ಕಷ್ಟ ನಿಮಗೆ ಬರುತ್ತಿರಲಿಲ್ಲ.

ಕೆಲಸದಿಂದ ನಿವೃತ್ತಳಾಗಿ ನಾನು ಟೇಸನ್ ಮನೆಗೇ ಮರಳಿದೆ. ಅಪ್ಪ ಅವ್ವ ಆಗಲೇ ಇರಲಿಲ್ಲ. ಮನೆಯ ಯಜಮಾನ ನನ್ನ ತಮ್ಮ ನಂಜುಂಡ. ಅವನ ಮಗ ಕೋಸು, ಟೊಮೆಟೊ ಬೆಳೆಯುವವನು. ಮನೆಯ ವ್ಯಾಜ್ಯಗಳಲ್ಲಿ ಮೌನವೇ ಅವನ ಪಕ್ಷ. ಸೊಸೆ ಮಾದೇವಿ, ಪಣಕಹಳ್ಳಿಯ ಹೆಣ್ಣು, ಮೌನದ ಪಕ್ಷಕ್ಕೆ ಎಂದೂ ಓಟು ಹಾಕಿದವಳಲ್ಲ. ಅವಳು ನನ್ನನ್ನು 'ಟೀಚರತ್ತೆ' ಎನ್ನುತ್ತಾಳೆ. ಈ ಮಾದೇವಿಗೆ ಒಂದು ಆಸೆ ಹುಟ್ಟಿತು. ರಸ್ತೆಯ ಕಡೆಯ ಗೋಡೆ ಒಡೆದು ಬಾಗಿಲಿಟ್ಟು, ಒಳಗಿನ ದೊಡ್ಡ ಕೋಣೆಯಲ್ಲಿ ಒಂದು ಮೆಸ್ಸು ನಡೆಸಬೇಕು. ಬಸ್ಸಿಗೆ ನಿಂತವರಿದ್ದಾರೆ, ಬೈಕಿನವರಿದ್ದಾರೆ, ತರಕಾರಿ ಗಾಡಿಯವರಿದ್ದಾರೆ. ಮಗಳನ್ನು ನರ್ಸಿಂಗ್ ಓದಿಸಬೇಕು; ಟೊಮೆಟೊವನ್ನು ನಂಬಿ ಓದಿಸಲಾಗದು. ಎಷ್ಟೋ ಮನೆಗಳಲ್ಲಿ ಇದು ಒಂದು ಸಂಜೆಯ ಮಾತು. ನಮ್ಮಲ್ಲಿ ಮಳೆಗಾಲ ಪೂರ್ತಿ ನಡೆಯಿತು.

"ಆ ಗೋಡಗ ಮಾತ್ರ ಕೈ ಆಕ್ಬ್ಯಾಡ" ಎಂದ ನಂಜುಂಡ.

"ಯಾಕ ಮಾವ? ರೈಲು ಬಂದ್ರ ಗೋಡ ಮ್ಯಾಲ ಅತ್ತದಾ?"

"ನಗು, ನಗು. ಊರೆಲ್ಲಾ ನಕ್ಕಾಯ್ತು, ನಿಂದೊಂದು ಬಾಕಿ ಇತ್ತು."

ಅವನ ಸಂಕಟ ಏನೆಂದು ಅವನು ಹೇಳಿದ್ದು ನನ್ನೊಬ್ಬಳ ಬಳಿ, ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ. "ಅಕ್ಕ, ನಿನ್ಗ ಗೊತ್ತಲ್ಲ. ಸಂತಲಿ, ಮದ್ವಲಿ, ಎಲ್ಲೋದ್ರೂ 'ಏನ್ ಮಾದಪ್ಪ, ರೈಲು ಲೇಟಾ?' ಅಂತ ಕೇಳರು. ಅಪ್ಪ ತಲ ತಗ್ಗುಸ್ನಿಲ್ಲ. 'ಬತ್ತದ ಕಣ್ಲಾ' ಅಂತಲೇ ಅಂದ್ರು, ಸಾಯೋ ಗಂಟ. ಈಗ ನಾ ಗೋಡ ಒಡುದ್ರ ಏನಾಯ್ತದ? ಮಾದಪ್ಪ ದಡ್ಡ ಅಂತ ಮಗ್ನೇ ಸಯಿ ಮಾಡ್ದಂಗ ಆಯ್ತದ."

ಫ್ರ್ಯಾಂಕ್ಲಿ, ಅಲ್ಲಿಯವರೆಗೆ ನನಗೆ ಇದು ಗೋಡೆಯ ಜಗಳವಾಗಿತ್ತು. ಇಷ್ಟು ಕೇಳಿದ ಮೇಲೆ ಅವರೆಕಾಯಿ ಸುಲಿಯುವುದೊಂದೇ ಉಳಿಯಿತು. ಒಂದು ಕಡೆ ಮೊಮ್ಮಗಳ ಓದು, ಇನ್ನೊಂದು ಕಡೆ ತೀರಿಹೋದ ಮನುಷ್ಯನ ಮರ್ಯಾದೆ. ತೀರ್ಪು ಕೊಡಲು ನನ್ನ ಗ್ರಾಮರ್ ಸಾಲದು.

ಕೊನೆಗೆ, ಈ ಸೀಮೆಯಲ್ಲಿ ಇಂಥ ತೊಡಕುಗಳು ಹೋಗಿ ನಿಲ್ಲುವ ಜಾಗಕ್ಕೇ ನಾವೂ ಹೋದೆವು: ಮಾರಮ್ಮನ ಗುಡಿ. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಪ್ಪ ನೀರಲ್ಲಿ ಅದ್ದಿದ ಹೂವನ್ನು ತಾಯಿಯ ಎರಡು ಭುಜಕ್ಕೂ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲೇ ಪ್ರಶ್ನೆ ಕೇಳಿಕೊಂಡು ಕೈ ಮುಗಿದು ನಿಲ್ಲಬೇಕು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ಸಿಸ್ಟರ್ ಬರ್ನಡೆಟ್ ನನ್ನನ್ನು ಆ ಸ್ಥಿತಿಯಲ್ಲಿ ನೋಡಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು. ನಾನಾದರೋ, ಫೋನು ಹೇಳುವ ಹವಾಮಾನವನ್ನು ನಂಬಿ ಹಪ್ಪಳ ಒಣಹಾಕಿ ಕೈಸುಟ್ಟುಕೊಂಡವಳು; ಒದ್ದೆ ಹೂವಿನ ಮೇಲೆ ನನಗೆ ಯಾವ ಪೂರ್ವಗ್ರಹವೂ ಇರಲಿಲ್ಲ. ನಂಜುಂಡ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಮಾದೇವಿ ಕಣ್ಣು ತೆರೆದೇ ಹೂವನ್ನು ದಿಟ್ಟಿಸಿದಳು. ಗುಡಿಯಲ್ಲಿ ಎಣ್ಣೆದೀಪದ ಬತ್ತಿ ಚಿಟಿಗುಟ್ಟುವ ಸದ್ದು ಬಿಟ್ಟರೆ ಏನೂ ಇಲ್ಲ. ಹೂ ಜಾರಿತು. ಬಲಕ್ಕೆ.

ಗುಡಿಯ ಮೆಟ್ಟಿಲಿಳಿಯುವಾಗ ಇಬ್ಬರ ಮುಖದಲ್ಲೂ ಒಂದೇ ಬಗೆಯ ಪ್ರಸನ್ನತೆ ಕಂಡು ನನಗೆ ಅನುಮಾನವಾಯಿತು.

"ತಾಯಿ ಬಲ ಕೊಟ್ಳಲ್ಲ, ಇನ್ನು ಗೋಡ ಮಾತು ಬುಡು" ಎಂದ ನಂಜುಂಡ.

"ಅದೆಂಗ ಮಾವ? ಬಲ ಕೊಟ್ಟದ್ದು ನನ್ಗ."

"ನಿನ್ಗಾ? ನೀ ಏನ್ ಕೇಳ್ದ?"

"ಗೋಡ ಒಡೀಲಾ ತಾಯಿ ಅಂದಿ. ನೀವು?"

"ರೈಲು ಬತ್ತದಾ ತಾಯಿ ಅಂದಿ."

ಇಬ್ಬರೂ ನಿಂತರು. ಒಂದು ಹೂವು, ಎರಡು ಪ್ರಶ್ನೆ. ಮಾದೇವಿ ನನ್ನ ಕಡೆ ತಿರುಗಿದಳು: "ಟೀಚರತ್ತೆ, ನೀವಾದ್ರೂ ಏನ್ ಕೇಳುದ್ರಿ?" ಈ ಎಲ್ಲ ಗದ್ದಲದ ನಡುವೆ ನಾನು ನನ್ನ ಬಲ ಮೊಣಕಾಲಿನ ನೋವು ಹೋಗುತ್ತದೆಯೇ ಎಂದು ಕೇಳಿದ್ದೆ. ಹೇಳಬೇಕಾಯಿತು. ಮಾದೇವಿ ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತುಕೊಂಡು, ಸೆರಗು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಂಜುಂಡನೂ ಬಿಗಿಹಿಡಿದು ನೋಡಿ ಸೋತ. ಪೂಜಾರಪ್ಪ ಹೊರಗೆ ಬಂದು, "ಮೂರು ಜನುಕ್ಕ ಮೂರು ಊ ಕೇಳ್ಬೇಕಿತ್ತು ಕಣ, ಒಂದ್ರಲ್ಲೇ ಮುಗುಸ್ಬುಟ್ರಾ?" ಎಂದು ಗದರಿದ.

ನಗು ಇಳಿದ ಮೇಲೆ, ಕಲ್ಲಿನಿಂದ ಏಳದೆಯೇ, ಮಾದೇವಿ ಮೆಲ್ಲಗೆ ಹೇಳಿದಳು: "ಮಾವ, ತಾತ ಏನಂತಿದ್ರು ಅಂತ ನೀವೇ ಏಳಿದ್ರಿ. ಜನ ಬತ್ತಾರ, ಕಾಯ್ತಾರ, ಕಾಯೋರ್ಗ ಒಟ್ಟ ಅಸಿತದ. ಅಂದ್ರೋ ಇಲ್ವೋ? ಈಗ ಬಸ್ಸಿಗ ನಿಂತಿರೋರು ಏನ್ ಮಾಡ್ತಾವ್ರ? ಕಾಯ್ತಾವ್ರ. ನಮ್ ಗೋಡಗ ಒರಗ್ಕಂಡೇ ಕಾಯ್ತಾವ್ರ. ತಾತನ್ ಮಾತು ಬಂದದ. ನಾವು ಬಾಕ್ಲು ತಗೀದೆ ಬೀದಿಲಿ ನಿಲ್ಸಿವಿ."

ನಂಜುಂಡ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.

ಆ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಹಿಂದಿನವರ ಭವಿಷ್ಯವಾಣಿಗಳನ್ನು ಇಂದು ಹರಡಿಕೊಂಡು ಟಿಕ್ಕು, ಇಂಟು ಹಾಕುವುದು ನಮಗೆಲ್ಲ ಇಷ್ಟವಾದ ಆಟ. ಮೇಲೆ ನಾನೂ ಸಾಕಷ್ಟು ಆಡಿದೆ. ಆದರೆ ಯಾರೂ ಸುಮ್ಮನೆ ಭವಿಷ್ಯ ನುಡಿಯುವುದಿಲ್ಲ. ಒಳಗೊಂದು ಪ್ರಶ್ನೆ ಇಟ್ಟುಕೊಂಡು ನುಡಿಯುತ್ತಾರೆ. ಅಡುಗೆಮನೆ ಅಳಿಯುತ್ತದೆ ಎಂದ ಸಿಸ್ಟರ್, ತಮ್ಮ ಮುಂದೆ ಕುಳಿತ ಹೆಣ್ಣುಮಕ್ಕಳು ಒಲೆಯ ಮುಂದೆಯೇ ಬೂದಿಯಾಗುತ್ತಾರೆಯೇ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಟ್ಯಾಬ್ಲೆಟ್ಟಿನಿಂದ ಬರಲಿಲ್ಲ. ಅವರು ಕಲಿಸಿದ ಇಂಗ್ಲಿಷಿನಿಂದ, ನನ್ನ ಮಟ್ಟಿಗಾದರೂ, ಬಂತು. ಅಪ್ಪ ರೈಲು ಬರುತ್ತದೆ ಎನ್ನುವಾಗ, ಈ ಕಾಡಿನಂಚಿನ ನಮ್ಮನ್ನು ಹೊರಗಿನ ಲೋಕ ಯಾವಾಗಲಾದರೂ ಬಂದು ನೋಡುತ್ತದೆಯೇ ಎಂದು ಕೇಳುತ್ತಿದ್ದರು. ಉಕ್ಕಿನ ಹಳಿಯನ್ನು ಅವರು ಕಣ್ಣಾರೆ ಕಂಡವರಂತೆ ವರ್ಣಿಸಿದ್ದು ಆ ಆಸೆಗೆ ಒಂದು ಆಕಾರ ಬೇಕಿತ್ತೆಂದು. ಆಕಾರ ತಪ್ಪಿತು. ಆಸೆ ಸರಿಯಾದ ವಿಳಾಸಕ್ಕೇ ಬಂದು, ಹಿಂಬದಿಯಲ್ಲಿ ನಿಂತು ಬಾಗಿಲು ಹುಡುಕುತ್ತಿತ್ತು. ಇದರಲ್ಲಿ ನನಗೆ ಸಂಶಯವಿಲ್ಲ, ಮತ್ತು ಈ ವಯಸ್ಸಿನಲ್ಲಿ ಸಂಶಯವಿಲ್ಲದ ವಿಷಯಗಳು ನನ್ನ ಹತ್ತಿರ ಹೆಚ್ಚಿಲ್ಲ.

ಮರುದಿನ ಬೆಳಿಗ್ಗೆ ನಂಜುಂಡ ಒಲೆಯಿಂದ ಇದ್ದಿಲು ತಂದು ಬಡಗಣ ಗೋಡೆಯ ಮೇಲೆ ತಾನೇ ಬಾಗಿಲಿನ ಗೆರೆ ಎಳೆದ. ಎರಡು ಷರತ್ತು ಹಾಕಿದ. ಹಳೆಯ ಬಾಗಿಲು ಇದ್ದಲ್ಲೇ ಇರಬೇಕು, ದಿನಾ ಬೆಳಿಗ್ಗೆ ಮೊದಲು ಅದನ್ನೇ ತೆರೆಯಬೇಕು. ಹೊಸ ಬಾಗಿಲಿನಲ್ಲಿ ತಾನು ಓಡಾಡುವುದಿಲ್ಲ, ಒತ್ತಾಯ ಮಾಡಬಾರದು. ಮಾದೇವಿ ಎರಡಕ್ಕೂ ಒಪ್ಪಿ, ಕನ್ನಡದಲ್ಲೂ ತಮಿಳಿನಲ್ಲೂ 'ಸ್ಟೇಷನ್ ಮೆಸ್' ಎಂದು ಬೋರ್ಡು ಬರೆಸಿದಳು.

ಮೆಸ್ಸು ಹಿಡಿಯಿತು. ಇಡ್ಲಿ, ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಉಪ್ಸಾರು. ಕಾಡು ನೋಡಲು ಹೋಗುವ ಪಟ್ಟಣದವರು ಮುದ್ದೆಯ ಫೋಟೋ ತೆಗೆದು ಆಮೇಲೆ ಹೇಗೆ ತಿನ್ನುವುದೆಂದು ನನ್ನನ್ನು ಕೇಳುತ್ತಾರೆ. ನಾನು ಇಂಗ್ಲಿಷಿನಲ್ಲಿ ಡೆಮಾನ್‌ಸ್ಟ್ರೇಷನ್ ಕೊಡುತ್ತೇನೆ. "ಅಗೀಬ್ಯಾಡಿ ಸಾರ್, ನುಂಗಿ" ಎಂದು ಒಳಗಿನಿಂದ ಮಾದೇವಿ ನನ್ನ ಉಪನ್ಯಾಸವನ್ನು ಸಂಕ್ಷೇಪಿಸುತ್ತಾಳೆ. ಮೊಮ್ಮಗಳು ನರ್ಸಿಂಗ್ ಸೇರಿದಳು. ನಂಜುಂಡ ಮಾತಿಗೆ ತಪ್ಪಲಿಲ್ಲ. ಬಸ್ಸಿಗೆ ಹೋಗಬೇಕಾದರೂ ತೆಂಕಣ ಬಾಗಿಲಿನಿಂದ ಹೊರಟು, ಕೋಳಿಗೂಡು ಸುತ್ತಿ, ತಿಪ್ಪೆ ಬಳಸಿ, ತನ್ನದೇ ಮನೆಯ ಮುಂದೆ ಪರಸ್ಥಳದವನಂತೆ ಬಂದು ನಿಲ್ಲುತ್ತಿದ್ದ. ಕಂಡಕ್ಟರು ಶಿಳ್ಳೆ ಊದದೆ ಕಾಯುತ್ತಿದ್ದ.

ಹೋದ ಕಾರ್ತಿಕದಲ್ಲಿ ಅವನು ತೀರಿಕೊಂಡ, ಚಾಮರಾಜನಗರದ ಆಸ್ಪತ್ರೆಯಲ್ಲಿ. ನಾನು ಅವನನ್ನು ಕೊನೆಯ ಬಾರಿ ನೋಡಿದ್ದು ಅದರ ಹಿಂದಿನ ದಿನ ಬೆಳಿಗ್ಗೆ. ಎದೆಯಲ್ಲಿ ಏನೋ ಹಿಡಿದಂತಿದೆ ಎಂದ. ಮಾದೇವಿ ಕಾರು ಕರೆಸುತ್ತೇನೆಂದರೆ, ಬಸ್ಸು ಬರುವ ಹೊತ್ತಾಯಿತು, ಅದೇ ಸಾಕು ಎಂದು ಹಟ ಹಿಡಿದ. ಮಗ ಚೀಲ ಹಿಡಿದುಕೊಂಡು ಮುಂದೆ ಹೋದ. ನಂಜುಂಡ ಬಿಳಿ ಅಂಗಿ ತೊಟ್ಟು ಕೋಣೆಯಿಂದ ಬಂದು, ಹಳೆಯ ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತ. ಸುತ್ತಿ ಹೋಗುವಷ್ಟು ಉಸಿರು ಅವನಲ್ಲಿರಲಿಲ್ಲ. ಅದು ಅವನಿಗೂ ಗೊತ್ತಾಯಿತು, ನನಗೂ. ಅವನು ತಿರುಗಿ ಮೆಸ್ಸಿನೊಳಗೆ ಬಂದ.

ಬೆಂಚುಗಳು ತುಂಬಿದ್ದವು. ತೊಡೆಯ ಮೇಲೆ ಬ್ಯಾಗಿಟ್ಟುಕೊಂಡವರು, ಕಣ್ಣು ರಸ್ತೆಯ ಮೇಲಿಟ್ಟು ಗಬಗಬ ನುಂಗುತ್ತಿದ್ದವರು, ಎಲ್ಲರೂ ಕಾಲು ಒಳಗೆಳೆದುಕೊಂಡು ಅವನಿಗೆ ದಾರಿ ಬಿಟ್ಟರು. ಅವನು ನಡುವೆ ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಅವರನ್ನು ನೋಡಿದ. ಅವಸರ ಪಡಲಿಲ್ಲ.

ಮೂಲೆಯಲ್ಲಿ ಕೈ ತೊಳೆಯುತ್ತಿದ್ದ ಕಂಡಕ್ಟರು, "ಏನ್ ಯಜಮಾನ್ರೇ, ಇವತ್ತು ಈ ಕಡಯಿಂದ್ಲಾ?" ಎಂದ.

"ಊಂ ಕಣ. ಟೇಸನ್ ಅಂದ್ಮ್ಯಾಲ ಗಾಡಿ ಅತ್ತೋನು ಒಬ್ನಾದ್ರೂ ಇರ್ಬೇಕಲ್ಲ."

ಎಲ್ಲರೂ ನಕ್ಕರು. ನಂಜುಂಡ ಹೊಸ್ತಿಲ ಬಳಿ ಬಂದು, ಗೋಡೆಗೆ ಎಡಗೈ ಕೊಟ್ಟು ಬಗ್ಗಿದ. ಬಲಗೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನನ್ನ ಕಡೆ ತಿರುಗದೆ, "ಬತ್ತೀನಿ ಅಕ್ಕ, ನೀ ಇಡ್ಲಿ ಆರೋಗಕ್ಕ ಮುಂಚ ತಿನ್ನು" ಎಂದು ದಾಟಿ ಹೋದ. ಬಸ್ಸು ಹೊರಟಾಗ ಅವನು ಕಿಟಕಿಯ ಪಕ್ಕ ಕುಳಿತಿದ್ದ. ನಾನು ಕೈ ಎತ್ತಿದೆ, ಅವನು ನೋಡಲಿಲ್ಲ. ಅವನ ಕಣ್ಣು ಬಾಗಿಲಿನ ಮೇಲಿತ್ತು.